ಕೊಂಡು ತೊಟ್ಟ ಅಂಗಿ

ನಮ್ಮ ಮನೆಗೆ ಹಳೆ ಬಟ್ಟೆಯ ವ್ಯಾಪಾರ ಬಂದದ್ದು ಕೈಗಾ ಮತ್ತು ಕೊಂಕಣ ರೈಲ್ವೆಯ ದೆಸೆಯಿಂದ. 1989ರಲ್ಲಿ ಕೈಗಾದಲ್ಲಿ ಅಣುಸ್ಥಾವರದ ಕಟ್ಟೋಣ ಶುರುವಾಯಿತು. ಮರುವರ್ಷ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ನೋಡನೋಡುತ್ತ ಕಾರವಾರ, ಅಂಕೋಲೆಯ ಸುತ್ತ ಗುಡ್ಡದ ಬುಡದಲ್ಲೆಲ್ಲ ತಗಡಿನ ಶೆಡ್ಡುಗಳೆದ್ದವು. ಗದಗ, ಕೊಪ್ಪಳ, ಬಾಗಲಕೋಟೆ, ವಿಜಾಪುರದ ಕಡೆಯಿಂದ ಬಂದ ಗಂಡಸರು ಹೆಂಗಸರು ಸುರಂಗದ ಕಲ್ಲು ಹೊತ್ತರು, ಜಲ್ಲಿ ಒಡೆದರು, ಸಿಮೆಂಟು ಕಲಸಿದರು. ಆ ಕೆಲಸಕ್ಕೆ ಹೊಸ ಅಂಗಿ ತೊಟ್ಟು ಹೋಗುವವರಿಲ್ಲ. ತೊಟ್ಟ ಅಂಗಿಯೂ ನಮ್ಮ ಕಡಲದಂಡೆಯ ಬೆವರಿಗೆ ಬಹಳ ದಿನ ತಡೆಯುವುದಿಲ್ಲ. ಅವರಿಗೆ ಗಟ್ಟಿಯಾದ, ಅಗ್ಗದ ಬಟ್ಟೆ ಬೇಕಿತ್ತು. ನಮಗೆ ದುಡ್ಡು ಬೇಕಿತ್ತು.

ಅಪ್ಪ ಕಾರವಾರದ ಕೋಡಿಬಾಗದಲ್ಲಿ ಲಾಂಚಿನ ಕೆಲಸಕ್ಕಿದ್ದ. ಕಾಳಿ ನದಿಗೆ ಸೇತುವೆ ಇಲ್ಲದ ಕಾಲದಲ್ಲಿ ಸದಾಶಿವಗಡಕ್ಕೆ, ಅಲ್ಲಿಂದ ಗೋವೆಗೆ ಹೋಗುವವರು ಹೊಳೆ ದಾಟುತ್ತಿದ್ದದ್ದು ಲಾಂಚಿನಲ್ಲೇ. 1980ರ ದಶಕದಲ್ಲಿ ಸೇತುವೆಯಾಯಿತು. ಊರಿಗೆಲ್ಲ ಅನುಕೂಲವಾಯಿತು, ಅಪ್ಪನ ಕೆಲಸ ಹೋಯಿತು. ಆಮೇಲೆ ಕಿರಾಣಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಕೂತ. ಆ ಸಂಬಳದಲ್ಲಿ ಅಕ್ಕಿ, ಮೀನು, ಮನೆ ಬಾಡಿಗೆ ಹೇಗೋ ನಡೆಯುತ್ತಿತ್ತು. ಮೂರು ಮಕ್ಕಳ ಓದು ನಡೆಯುವಂತಿರಲಿಲ್ಲ.

ಆಯಿ ಅಂಕೋಲೆ ಕಡೆಯವಳು, ಹೊಲಿಗೆ ಬಲ್ಲವಳು. ಸರ್ಕಾರಿ ಕ್ವಾರ್ಟರ್ಸಿನ ಹೆಂಗಸರ ರವಿಕೆ ಹೊಲಿದುಕೊಡುತ್ತಿದ್ದಳು. ಅವರಲ್ಲೊಬ್ಬರಿಗೆ ವರ್ಗವಾದಾಗ ಬಟ್ಟೆಯ ಗಂಟೊಂದನ್ನು ನಮ್ಮ ಮನೆಯಲ್ಲಿಟ್ಟು, ಯಾರಿಗಾದರೂ ಕೊಟ್ಟುಬಿಡಿ ಎಂದು ಹೋದರು. ನಮ್ಮ ಬಾವಿಗೆ ಶೆಡ್ಡಿನ ಹೆಂಗಸೊಬ್ಬಳು ನೀರಿಗೆ ಬರುತ್ತಿದ್ದಳು. ಆಯಿ ಗಂಟು ಬಿಚ್ಚಿ ಅವಳಿಗೊಂದು ಸೀರೆ ತೆಗೆದುಕೊಟ್ಟಳು. ಅವಳು ಬಿಡಿಸಿ ನೋಡಿ, “ಎಷ್ಟ ಕೊಡ್ಲಿ ಯಕ್ಕಾ?” ಎಂದಳು. ಏನೂ ಬೇಡ ಎಂದಳು ಆಯಿ. ಆ ಹೆಂಗಸು ಸೀರೆಯನ್ನು ಮಡಚಿ ಬಾವಿಕಟ್ಟೆಯ ಮೇಲಿಟ್ಟಳು. “ಪುಕ್ಕಟ ಆದ್ರ ಒಲ್ಲೆ. ನಾಳೆ ನೀರಿಗೆ ಬಂದಾಗ ನಿಮ್ಮ ಮಾರಿ ಹೆಂಗ ನೋಡ್ಲಿ?” ಆಯಿ ಯೋಚಿಸಿ ಐದು ರೂಪಾಯಿ ಹೇಳಿದಳು. ಪುಕ್ಕಟೆ ಒಲ್ಲೆನೆಂದವಳು ನಾಲ್ಕಕ್ಕೆ ಚೌಕಾಸಿ ಮಾಡಿ, ಸೆರಗಿನ ಗಂಟಿನಿಂದ ದುಡ್ಡು ತೆಗೆದು ಎಣಿಸಿ ಕೊಟ್ಟು, ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಹೋದಳು. ಮಾರನೆಯ ದಿನ ಅವಳ ಜೊತೆ ಇನ್ನಿಬ್ಬರು ಬಂದರು.

ಆಯಿ ಈ ಮಾತನ್ನು ಜೀವಮಾನವಿಡೀ ಹೇಳುತ್ತಿದ್ದಳು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಆ ವಯಸ್ಸಿನಲ್ಲಿ ಅದು ನನಗೆ ಬರೀ ವ್ಯಾಪಾರದ ಮಾತಾಗಿ ಕೇಳಿಸಿತ್ತು.

ಬಟ್ಟೆ ಎಲ್ಲಿಂದ ಬರುತ್ತಿತ್ತೆಂದು ಹೇಳಬೇಕು. ಕಾರವಾರ ಜಿಲ್ಲಾ ಕೇಂದ್ರ, ವರ್ಗವಾಗಿ ಬರುವವರು ಹೋಗುವವರು ಇದ್ದೇ ಇರುತ್ತಾರೆ. ಮುಂಬಯಿಯಲ್ಲಿ ನೌಕರಿಗಿದ್ದವರು ಮೇ ತಿಂಗಳಲ್ಲಿ ಊರಿಗೆ ಬಂದಾಗ ಒಂದು ಟ್ರಂಕು ಹಳೆ ಬಟ್ಟೆ ತರುತ್ತಿದ್ದರು. ಹಡಗಿನ ಕೆಲಸಕ್ಕೆ ಹೋದವರ ಮನೆಗಳಲ್ಲಿ ದಪ್ಪ ಜೀನ್ಸು, ಜಾಕೀಟು ಸಿಗುತ್ತಿದ್ದವು. ಅಂಕೋಲೆಯ ಬಂಡಿ ಹಬ್ಬಕ್ಕೆ ಮನೆಮಂದಿಗೆಲ್ಲ ಹೊಸ ಬಟ್ಟೆ ಬಂದಮೇಲೆ ಕಪಾಟಿನಿಂದ ಹಳೆಯವು ಹೊರಬೀಳುತ್ತಿದ್ದವು. ನಮಗಿಂತ ಮೊದಲಿನಿಂದಲೂ ಈ ಬಟ್ಟೆಗಳಿಗೆ ಬೇರೊಂದು ದಾರಿಯಿತ್ತು. ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಬರುವ ಹೆಂಗಸರು ಒಂದು ರಾಶಿ ಸೀರೆ, ಪ್ಯಾಂಟು ಎಣಿಸಿಕೊಂಡು ಒಂದು ಡಬರಿ ಕೊಟ್ಟು ಹೋಗುತ್ತಿದ್ದರು. ಆಯಿ ಪಾತ್ರೆ ಕೊಡಲಿಲ್ಲ, ನಗದು ಕೊಟ್ಟಳು. ಗಂಡನಿಗೆ ಕಾಣದ ಹತ್ತಿಪ್ಪತ್ತು ರೂಪಾಯಿ ಕೈಯಲ್ಲಿರುವುದು ಆ ಮನೆಗಳ ಹೆಂಗಸರಿಗೂ ಬೇಕಿತ್ತು. ಅವರು ಬಟ್ಟೆ ತಾವೇ ಒಗೆದು, ಮಡಚಿ, ನಮಗಾಗಿ ಎತ್ತಿಡಲು ಶುರುಮಾಡಿದರು.

ಮನೆಗೆ ಬಂದ ಬಟ್ಟೆ ಹಾಗೇ ಸಂತೆಗೆ ಹೋಗುತ್ತಿರಲಿಲ್ಲ. ದೊಡ್ಡ ಹಂಡೆಯಲ್ಲಿ ಸೋಡಾ ಹಾಕಿ ಕುದಿಸುವುದು, ಬಾವಿಕಟ್ಟೆಯ ಕಲ್ಲಿಗೆ ಕುಕ್ಕುವುದು, ಬಿಳಿಯದಕ್ಕೆ ನೀಲಿ ಕೊಡುವುದು, ನೂಲಿನ ಸೀರೆಗೆ ಕುಚ್ಚಲಕ್ಕಿಯ ಗಂಜಿತಿಳಿ ಹಾಕುವುದು. ಆಮೇಲೆ ಆಯಿ ಚಿಮಣಿ ಬೆಳಕಿಗೆ ಕೂತು ಒಂದೊಂದನ್ನೂ ತೋಳು ತೂರಿಸಿ ನೋಡುತ್ತಿದ್ದಳು. ಕಂಕುಳು, ಮೊಳಕಾಲು, ಪ್ಯಾಂಟಿನ ಕೂರುವ ಜಾಗ, ಸೀರೆಯ ನೆರಿಗೆ ತುದಿ. ಬಟ್ಟೆ ಸವೆಯುವ ಜಾಗಗಳು ಎಲ್ಲರವೂ ಒಂದೇ. ಅಂಗಿಗೆ ಮೊದಲು ಹೋಗುವುದು ಕಾಲರು. ಗಡ್ಡ ತಾಗಿ ತಾಗಿ ಮಡಿಕೆಯ ಮೇಲೆ ಎಳೆ ಬಿಟ್ಟುಕೊಂಡಿರುತ್ತದೆ, ಒಳಬದಿ ಮಾತ್ರ ಹೊಸದರ ಹಾಗೇ ಇರುತ್ತದೆ. ಆಯಿ ಬ್ಲೇಡಿನ ಮೂಲೆಯಿಂದ ಕಾಲರಿನ ಹೊಲಿಗೆ ಬಿಚ್ಚುತ್ತಿದ್ದಳು. ಒಂದು ಎಳೆ ಕಡಿದು ಎರಡು ಎಳೆ ಬಿಟ್ಟು ಮತ್ತೊಂದು ಕಡಿದು ಎಳೆದರೆ ನೂಲು ಇಡಿಯಾಗಿ ಬರುತ್ತಿತ್ತು. ಆ ನೂಲನ್ನೂ ಬೆರಳಿಗೆ ಸುತ್ತಿ ಇಟ್ಟುಕೊಳ್ಳುತ್ತಿದ್ದಳು. ಕಾಲರನ್ನು ಮಗುಚಿ, ಸವೆದ ಮುಖ ಒಳಗೆ, ಹೊಸ ಮುಖ ಹೊರಗೆ ಮಾಡಿ, ಹಳೆಯ ಹೊಲಿಗೆಯ ತೂತುಗಳ ಮೇಲೆಯೇ ಹೊಸ ಹೊಲಿಗೆ ಓಡಿಸಿದರೆ ಅಂಗಿಗೆ ಇನ್ನೊಂದು ಆಯುಷ್ಯ. ಅಷ್ಟಾಗುವಾಗ ಬಲಗಡೆಯ ಕಾಲರಿನ ಮೂಲೆ ಎಡಕ್ಕೆ ಬಂದಿರುತ್ತದೆ. ಯಾರಿಗೂ ತಿಳಿಯುವುದಿಲ್ಲ. ಈ ಕೆಲಸ ನನಗೂ ಕಲಿಸಿದಳು. ಇಂದಿಗೂ ಎದುರಿಗೆ ಕೂತವರ ಅಂಗಿಯ ಕಾಲರು ನೋಡದೆ ನನಗೆ ಮಾತಾಡಲು ಬರುವುದಿಲ್ಲ.

ಗುಂಡಿ ಎಲ್ಲ ಒಂದೇ ಬಣ್ಣದವು ಇರಬೇಕು, ಪ್ಯಾಂಟಿನ ಚೈನು ಸಲೀಸಾಗಿ ಮೇಲೆ ಕೆಳಗೆ ಓಡಬೇಕು, ಕಿಸೆಯಲ್ಲಿ ತೂತಿರಬಾರದು ಎಂಬುದು ಆಯಿಯ ಹಠ. ಕೂಲಿಯವರಿಗೆ ಇಷ್ಟೆಲ್ಲ ಯಾಕೆ ಎಂದು ನೆರೆಮನೆಯವರು ಕೇಳುತ್ತಿದ್ದರು. “ಕಿಸೆ ತೂತಿದ್ರೆ ಅವ್ರ ವಾರದ ಪಗಾರು ಬೀಳ್ತದೆ. ನಮ್ದು ಬಿದ್ರೆ ಸುಮ್ನಿರ್ತೇವಾ?” ಎನ್ನುವಳು.

ಮಳೆಗಾಲ ನಮಗೆ ವೈರಿ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ. ಒಗೆದದ್ದು ಒಣಗುವುದಿಲ್ಲ, ಒಣಗಿದ್ದಕ್ಕೆ ಮುಗ್ಗಲು ವಾಸನೆ, ಬಿಳಿ ಬಟ್ಟೆಗೆ ಬೂಸಲಿನ ಕರಿಚುಕ್ಕೆ. ಬಚ್ಚಲ ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ ಹರವಿದರೆ ಹೊಗೆಯ ವಾಸನೆ. ಮಳೆಗಾಲದಲ್ಲಿ ಸಂತೆಗೆ ಹೋಗುವುದನ್ನೇ ಬಿಟ್ಟು, ಕೊಳ್ಳುವುದು ಹೊಲಿಯುವುದು ಮಾತ್ರ ಮಾಡುತ್ತಿದ್ದೆವು. ಬೋಟುಗಳು ದಡ ಸೇರಿ ಮೀನುಗಾರರ ಮನೆಯಲ್ಲಿ ದುಡ್ಡಿಲ್ಲದ ದಿನಗಳವು. ಆಗ ಬಟ್ಟೆ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಆಯಿ ಆ ಮನೆಗಳಲ್ಲಿ ದರ ಇಳಿಸುತ್ತಿರಲಿಲ್ಲ.

ಅಂಕೋಲೆಯಲ್ಲಿ ಶನಿವಾರದ ಸಂತೆ, ಕಾರವಾರದಲ್ಲಿ ರವಿವಾರದ್ದು. ತಾಡಪತ್ರಿ ಹಾಸಿ, ನೆಲಬಾಡಿಗೆಯ ಚೀಟಿ ಪಡೆದು ಕೂರುವುದು. ಪಕ್ಕದಲ್ಲಿ ಹಾಲಕ್ಕಿ ಹೆಂಗಸರು ಬಸಳೆ, ಗೆಣಸು, ಮೊಗೆಕಾಯಿ ಇಟ್ಟುಕೊಂಡು ಕೂತಿರುತ್ತಿದ್ದರು. ಕೊರಳ ತುಂಬ ಕರಿಮಣಿ, ರವಿಕೆಯಿಲ್ಲದ ಮೈಗೆ ಹೆಗಲ ಮೇಲೆ ಗಂಟು ಹಾಕಿ ಉಟ್ಟ ಸೀರೆ. ಆ ಗಂಟು ನಿಲ್ಲಬೇಕಾದರೆ ನೂಲಿನ ಸೀರೆಯೇ ಆಗಬೇಕು, ಜಾರುವ ಪಾಲಿಯೆಸ್ಟರ್ ಅವರು ಮುಟ್ಟುತ್ತಿರಲಿಲ್ಲ. ಉದ್ದವನ್ನು ಮೊಳ ಹಾಕಿ ನೋಡಿ, ಬೆಳಕಿಗೆ ಹಿಡಿದು, ಮತ್ತೆ ಒಂದೇ ಪ್ರಶ್ನೆ: ಸತ್ತವರದ್ದಲ್ಲ ತಾನೇ? ಅಲ್ಲ ಎಂದು ಆಯಿ ಎದೆ ಮುಟ್ಟಿ ಹೇಳುತ್ತಿದ್ದಳು. ಸಾವಾದ ಮನೆಯಿಂದ ಅವಳು ಬಟ್ಟೆ ಕೊಳ್ಳುತ್ತಿರಲಿಲ್ಲ. ಎಷ್ಟೋ ಸಲ ಸಂತೆ ಮುಗಿಯುವಾಗ ಅವರ ಉಳಿದ ಬಸಳೆ ನಮ್ಮ ಚೀಲಕ್ಕೆ, ನಮ್ಮದೊಂದು ಲಂಗ ಅವರ ಬುಟ್ಟಿಗೆ ಹೋಗುತ್ತಿತ್ತು.

ಗುಳೇದಗುಡ್ಡದ ಕಡೆಯ ಒಬ್ಬ ಹೆಂಗಸು ನಮ್ಮಲ್ಲಿಗೆ ಬರುತ್ತಿದ್ದಳು. ಅವಳ ತವರಿನಲ್ಲಿ ಖಣ ನೇಯುತ್ತಿದ್ದರಂತೆ. ಮಗ್ಗ ನಿಂತಮೇಲೆ ಗಂಡ ಹೆಂಡತಿ ರೈಲ್ವೆ ಕೆಲಸಕ್ಕೆ ಘಟ್ಟ ಇಳಿದಿದ್ದರು. ಅವಳು ಸೀರೆಯನ್ನು ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ, ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸರಕ್ಕನೆ ಎಳೆದು, ಇದು ಎಷ್ಟು ನೀರು ಕಂಡಿದೆ, ಹಾಸು ಹೊಕ್ಕಿನಲ್ಲಿ ಯಾವುದು ಸೋತಿದೆ ಎಂದು ಹೇಳುತ್ತಿದ್ದಳು. ಆಯಿಗೆ ಗೊತ್ತಾಗದ ದೋಷ ಅವಳಿಗೆ ಗೊತ್ತಾಗುತ್ತಿತ್ತು. ದರ ಅವಳೇ ಹೇಳುತ್ತಿದ್ದಳು, ನ್ಯಾಯವಾದ ದರವನ್ನೇ ಹೇಳುತ್ತಿದ್ದಳು. 17ನೇ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ಇಟ್ಟದ್ದೇ ಹುಬ್ಬಳ್ಳಿಯ ಸೀಮೆಯಲ್ಲಿ ನೇಯ್ದು ಘಟ್ಟ ಇಳಿದು ಬರುವ ನವಿರು ಬಟ್ಟೆಗಾಗಿ. ಅದೇ ಘಟ್ಟ ಇಳಿದು ನೇಕಾರರ ಮಗಳು ಬೇರೆಯವರು ಉಟ್ಟು ಬಿಟ್ಟ ಸೀರೆ ಕೊಳ್ಳಲು ಬಂದಿದ್ದಳು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವಳ ಬೆರಳಿನ ವಿದ್ಯೆಗೆ ಬೆಲೆ ಕಟ್ಟುವವರು ಆ ಸಂತೆಯಲ್ಲಿ ಆಯಿಯೊಬ್ಬಳೇ ಇದ್ದಳು.

1994ರ ಮೇ ತಿಂಗಳಲ್ಲಿ ಕೈಗಾದ ಮೊದಲನೇ ಘಟಕದ ಗುಮ್ಮಟದ ಒಳಭಾಗ ಕಳಚಿ ಬಿತ್ತು. ಪೇಪರುಗಳಲ್ಲಿ ದೊಡ್ಡ ಸುದ್ದಿಯಾಯಿತು. ಅಲ್ಲಿಯ ಕೆಲಸ ಕುಂಠಿತವಾಗಿ, ನಮ್ಮ ತಾಡಪತ್ರಿಯ ಮುಂದೆ ಬಂದು ನಿಲ್ಲುವ ಕೈಗಾದವರು ಕಡಿಮೆಯಾದರು. ಉಳಿದವರಲ್ಲಿ ಒಬ್ಬನಿಗೆ ಆಯಿ ಮಾರಿದ ಕೋಟಿನ ಸಂಗತಿ ಹೇಳಲೇಬೇಕು.

ಕಾರವಾರದಲ್ಲಿ ನಿವೃತ್ತ ಮಾಸ್ತರರೊಬ್ಬರು ತೀರಿಕೊಂಡಿದ್ದರು. ಅವರ ಹೆಂಡತಿ, ನಾವು ಅಕ್ಕೋರು ಎನ್ನುತ್ತಿದ್ದವರು, ಅವರ ಉಣ್ಣೆಯ ಕೋಟು ತಂದು ಆಯಿಯ ಮುಂದಿಟ್ಟರು. ಪೆಟ್ಟಿಗೆಯಲ್ಲಿಟ್ಟರೆ ಹುಳ ತಿನ್ನುತ್ತದೆ, ಚಳಿಯಲ್ಲಿ ಯಾರ ಮೈಮೇಲಾದರೂ ಇರಲಿ ಎಂದರು. ಆಯಿ ಒಪ್ಪಲಿಲ್ಲ. ಅವರು ಬಿಟ್ಟೇ ಹೋದರು. ಕೋಟು ಎಷ್ಟೋ ವಾರ ಗೂಟಕ್ಕೆ ನೇತಾಡಿತು. ಡಿಸೆಂಬರಿನಲ್ಲಿ ಕೈಗಾದ ಕಡೆಯ ಕಾವಲುಗಾರನೊಬ್ಬ ಸಂತೆಗೆ ಬಂದು, ರಾತ್ರಿಪಾಳಿಗೆ ಬೆಚ್ಚಗಿನದು ಏನಾದರೂ ಇದೆಯೇ ಎಂದು ಕೇಳಿದ. ಕಾಡಿನ ನಡುವಿನ ಆ ಜಾಗದಲ್ಲಿ ಚಳಿಗಾಲದ ರಾತ್ರಿ ಮಂಜು ಸುರಿಯುತ್ತದೆ. ಆಯಿ ಇದ್ದ ಸಂಗತಿ ಇದ್ದ ಹಾಗೆ ಹೇಳಿದಳು: ಕೋಟಿದೆ, ತೀರಿಹೋದವರದ್ದು, ಮಾರುವುದಿಲ್ಲ, ಬೇಕಾದರೆ ಸುಮ್ಮನೆ ಒಯ್ಯಿ. ಮುಂದಿನ ರವಿವಾರ ಅವನು ಮನೆಗೇ ಬಂದ. ಕೋಟಿನ ತೋಳಿಗೆ ಕೈ ತೂರಿಸಿ, ಗುಂಡಿ ಹಾಕಿ, ಬಿಚ್ಚಿ, ಒಳಗಿನ ಅಸ್ತರು ನೋಡಿದ. “ಪುಕ್ಕಟ ತಗೊಂಡ್ರ ಸತ್ತವರ ಅರಿವಿ ಆಕ್ಕೈತ್ರೀ ಯಕ್ಕಾ. ರೊಕ್ಕ ಕೊಟ್ರ ನನ್ನ ಅರಿವಿ,” ಎಂದು ಹದಿನೈದು ರೂಪಾಯಿ ಇಟ್ಟ. ಆಯಿ ಆ ದುಡ್ಡನ್ನು ಅಕ್ಕೋರಿಗೆ ಮುಟ್ಟಿಸಿದಳು. ಅವರು ಅದನ್ನು ಎಣಿಸಲಿಲ್ಲ, ಯಾರು ತೊಟ್ಟರು, ಮೈಗೆ ಸರಿಯಾಯಿತೇ ಎಂದು ಕೇಳಿದರು. ತೋಳು ಸ್ವಲ್ಪ ಉದ್ದ ಆಯ್ತು, ನಾನು ಮಡಚಿ ಹೊಲಿದುಕೊಟ್ಟೆ ಎಂದಳು ಆಯಿ.

ಮಾರಲಾಗದ ಚಿಂದಿಯೂ ವ್ಯರ್ಥವಾಗುತ್ತಿರಲಿಲ್ಲ. ನೂಲಿನ ತುಂಡು ಗ್ಯಾರೇಜಿನವರು ಎಣ್ಣೆ ಒರೆಸಲು ತೂಕಕ್ಕೆ ಒಯ್ಯುತ್ತಿದ್ದರು. ಮೆತ್ತಗಿನ ಸೀರೆಗಳಿಂದ ಆಯಿ ವಾಕಳ ಎಂಬ ಹೊದಿಕೆ ಹೊಲಿಯುತ್ತಿದ್ದಳು, ಬಾಣಂತಿ ಇರುವ ಮನೆಗಳಿಂದ ಕೇಳಿಕೊಂಡು ಬರುತ್ತಿದ್ದರು. ಬಣ್ಣದ ತುಂಡುಗಳನ್ನು ಬೇರೆ ಗಂಟು ಕಟ್ಟಿ ಇಡುವುದು ಸಿದ್ದಿ ಹೆಂಗಸರಿಗಾಗಿ. ಅಂಕೋಲೆ ತಾಲೂಕಿನ ಘಟ್ಟದ ಬದಿಯಲ್ಲಿ, ಯಲ್ಲಾಪುರ, ಹಳಿಯಾಳದಲ್ಲಿ ಅವರ ಮನೆಗಳಿವೆ. ಅವರು ಹೊಲಿಯುವ ಕವದಿಯ ಕ್ರಮವೇ ಬೇರೆ. ಅಂಚಿನಿಂದ ಶುರುಮಾಡಿ ತುಂಡಿಗೆ ತುಂಡು ಕೂಡಿಸುತ್ತ, ಸುತ್ತು ಬರುತ್ತ, ಕೊನೆಗೆ ನಡುವಿಗೆ ಮುಟ್ಟುತ್ತಾರೆ. ಎಲ್ಲ ಆದಮೇಲೆ ನಾಲ್ಕು ಮೂಲೆಗಳಿಗೆ ಮಡಚಿದ ತುಂಡಿನ ಪುಟ್ಟ ಹೂ ಕೂರಿಸಬೇಕು, ಅದಿಲ್ಲದಿದ್ದರೆ ಕವದಿ ಬತ್ತಲೆ ಎನ್ನುತ್ತಾರೆ. ಆ ಹೂವಿಗೆಂದು ಅವರು ನಮ್ಮ ಗಂಟಿನಲ್ಲಿ ಕೆಂಪು ತುಂಡು ಹುಡುಕುವುದನ್ನು ನೋಡಬೇಕಿತ್ತು. ಈಗ ಈ ಕವದಿಗಳು ಹೊರದೇಶದ ಮ್ಯೂಸಿಯಂಗಳವರೆಗೂ ಹೋಗಿವೆ. ನನಗದು ತಡವಾಗಿ ಸಂದ ನ್ಯಾಯ ಅನ್ನಿಸುತ್ತದೆ.

ಆಯಿ ಮಾಡದ ಒಂದು ವ್ಯಾಪಾರವಿತ್ತು. ಸೀಬರ್ಡ್ ನೌಕಾನೆಲೆಗೆ 1986ರಲ್ಲೇ ಅಡಿಗಲ್ಲು ಬಿದ್ದಿತ್ತು, ಕಡಲದಂಡೆಯ ಊರುಗಳು ಏಳುವ ಹೊತ್ತಿಗೆ 1990ರ ದಶಕದ ಕೊನೆ. ಅರಗಾದಂಥ ಊರುಗಳ ಜನ ತೋಡೂರು, ಮುದಗಾದ ಹೊಸ ಕಾಲನಿಗಳಿಗೆ ಸಾಮಾನು ಹೊತ್ತು ಹೊರಟಾಗ ತಲೆಮಾರುಗಳ ಟ್ರಂಕುಗಳು ತೆರೆದವು. ಆ ಸುದ್ದಿ ಹಿಡಿದು ಹಳೆ ಜರಿ ಸೀರೆ ಕೊಳ್ಳುವವರು ಬಂದರು. ನಮ್ಮ ನೆಂಟರ ಮನೆಯ ಜಗುಲಿಯಲ್ಲಿ ಒಬ್ಬ ಕೂತು ಮದುವೆ ಸೀರೆಯ ಸೆರಗನ್ನು ಉಗುರಿನಿಂದ ಕೆರೆದ. ಜರಿಯ ಕೆಳಗೆ ಕೆಂಪು ರೇಷ್ಮೆ ಎಳೆ ಕಂಡಿತು. ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ನೀರು ಕೊಟ್ಟದ್ದು. ಕತ್ತರಿಯಿಂದ ಅಂಚು, ಸೆರಗು ಕತ್ತರಿಸಿ ತೂಕ ಹಾಕಿ, ಒಡಲನ್ನು ಜಗುಲಿಯ ಮೇಲೇ ಬಿಟ್ಟು ಹೋದ. ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಬಂದ ದುಡ್ಡು ನಾವು ಒಂದು ತಿಂಗಳಲ್ಲಿ ದುಡಿಯುವುದಕ್ಕಿಂತ ಜಾಸ್ತಿ. ಊರೂರು ತಿರುಗಿ ಸೀರೆ ಕೂಡಿಸಿಕೊಟ್ಟರೆ ದಳ್ಳಾಳಿ ಕೊಡುತ್ತೇನೆ ಎಂದು ಅವನು ಆಯಿಗೆ ಹೇಳಿದ. ಆಯಿ ಬೇಡವೆಂದಳು. ಉಡುವವರಿಗಾಗಿ ಬಟ್ಟೆ ಮಾರುವವಳು ತಾನು, ಸುಡುವವರಿಗಲ್ಲ ಎಂದು ಮನೆಗೆ ಬಂದಮೇಲೆ ಹೇಳಿದಳು. ಮಾರಿದವರನ್ನು ಅವಳು ಯಾವತ್ತೂ ದೂರಲಿಲ್ಲ. ನೆಲವೇ ಹೋದಮೇಲೆ ಸೆರಗು ಹಿಡಿದುಕೊಂಡು ಏನು ಮಾಡಬೇಕಿತ್ತು ಅವರು?

ದುಡಿದ ದುಡ್ಡು ಪಿಗ್ಮಿಗೆ ಹೋಗುತ್ತಿತ್ತು. ಟಿ. ಎಂ. ಎ. ಪೈ ಅವರ ಬ್ಯಾಂಕು 1928ರಲ್ಲಿ ಶುರುಮಾಡಿದ ಯೋಜನೆ ಅದು. ಏಜೆಂಟನು ಮನೆಬಾಗಿಲಿಗೇ ಬಂದು ದಿನದ ಉಳಿತಾಯ ಪಡೆದು ಪುಸ್ತಕದಲ್ಲಿ ಬರೆದು ಹೋಗುತ್ತಾನೆ. ನನ್ನ ಶಿಕ್ಷಕ ತರಬೇತಿಯ ಫೀಸು, ತಮ್ಮನ ಐಟಿಐ, ತಂಗಿಯ ಮದುವೆಯ ಒಂದು ಭಾಗ ಅದರಿಂದಲೇ ಆಯಿತು.

1998ರ ಜನವರಿಯಲ್ಲಿ ಕೊಂಕಣ ರೈಲು ಓಡಿತು. 2000ದಲ್ಲಿ ಕೈಗಾದ ಎರಡೂ ಘಟಕ ವಿದ್ಯುತ್ತು ಮಾರತೊಡಗಿದವು. ಕೂಲಿಗಳು ಬೇರೆ ಊರಿನ ಬೇರೆ ಕೆಲಸಕ್ಕೆ ಹೋದರು. ಅದರ ಬೆನ್ನಿಗೇ ಸಂತೆಗೆ ಅಗ್ಗದ ಹೊಸ ಟೀಶರ್ಟು ಬಂತು. ಹಳೆಯ ಕಾಲರು ತಿರುವಿದ ಅಂಗಿಗೂ ಅದಕ್ಕೂ ಬೆಲೆಯಲ್ಲಿ ಹೆಚ್ಚು ಅಂತರ ಉಳಿಯಲಿಲ್ಲ. ಆಯಿಯ ಕಣ್ಣೂ ಸೋತಿತ್ತು. ತಾಡಪತ್ರಿ ಮಡಚಿದೆವು.

2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿ ಹರಿದವು. ನಾನು ಆಗ ಶಾಲೆಯಲ್ಲಿ ಟೀಚರು. ಶಾಲೆಗಳೇ ಗಂಜಿಕೇಂದ್ರಗಳಾದವು. ಎಲ್ಲೆಲ್ಲಿಂದಲೋ ಹಳೆ ಬಟ್ಟೆ ಟೆಂಪೋ ಟೆಂಪೋ ಬಂತು. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಒಗೆಯದ ಪ್ಯಾಂಟು, ಒಂದೂ ಗುಂಡಿಯಿಲ್ಲದ ಅಂಗಿ, ಜೋಡಿಯಿಲ್ಲದ ಚೂಡಿದಾರದ ಮೇಲಂಗಿ ಕೋಣೆಯ ಮೂಲೆಯಲ್ಲಿ ಆಳೆತ್ತರ ಬಿದ್ದವು. ಮನೆಯಲ್ಲಿ ಎದೆಮಟ್ಟ ನೀರು ನಿಂತು ಎಲ್ಲ ಕಳೆದುಕೊಂಡ ಹೆಂಗಸರು ಆ ರಾಶಿಯ ಹತ್ತಿರ ಹೋಗಿ, ಎಲ್ಲರೆದುರು ಬಗ್ಗಿ ಹುಡುಕಲಾಗದೆ ತಿರುಗಿ ಬರುವುದನ್ನು ನೋಡಿದೆ. ಬಾವಿಕಟ್ಟೆಯ ಮೇಲೆ ಸೀರೆ ಮಡಚಿಟ್ಟವಳ ಮಾತು ನನಗೆ ಪೂರ್ತಿ ಅರ್ಥವಾದದ್ದು ಆ ದಿನ. ಆರಿಸುವ, ದೋಷ ತೋರಿಸುವ, ಬೇಡವೆನ್ನುವ ಹಕ್ಕು ದುಡ್ಡು ಕೊಡುವವನಿಗಿದೆ, ಪುಕ್ಕಟೆ ಪಡೆಯುವವನಿಗೆ ನಾವು ಅದನ್ನು ಬಿಟ್ಟುಕೊಡುವುದಿಲ್ಲ. ನಾವು ಕೆಲವು ಟೀಚರುಗಳು ರಾತ್ರಿ ಕೂತು ಆ ರಾಶಿಯನ್ನು ಬೇರೆ ಮಾಡಿ, ಉಡುವಂಥವನ್ನು ಮಡಚಿ, ಅಳತೆ ಪ್ರಕಾರ ಬೆಂಚುಗಳ ಮೇಲೆ ಅಂಗಡಿಯ ಹಾಗೆ ಜೋಡಿಸಿದೆವು. ಬೆಳಿಗ್ಗೆ ಒಬ್ಬೊಬ್ಬರನ್ನೇ ಕರೆದು, ಬೇಕಾದ್ದು ನೋಡಿ ಎಂದೆವು. ಹೆಂಗಸರು ಬಣ್ಣದ ಬಗ್ಗೆ ಮಾತಾಡಿದರು, ಇದು ನನಗೊಪ್ಪುವುದಿಲ್ಲ ಎಂದರು. ನನಗೆ ಸಮಾಧಾನವಾಯಿತು.

ಕಂಬಳಿಗಳೂ ಬಂದಿದ್ದವು. ಇಂಥ ಪರಿಹಾರದ ಕಂಬಳಿಗಳು ಹೆಚ್ಚಾಗಿ ತಯಾರಾಗುವುದು ಹರಿಯಾಣದ ಪಾಣಿಪತ್ತಿನಲ್ಲಿ, ಜಗತ್ತಿನ ಶ್ರೀಮಂತ ದೇಶಗಳು ಬಿಸುಟ ಉಣ್ಣೆ ಬಟ್ಟೆಯನ್ನು ಬಣ್ಣವಾರು ಬೇರ್ಪಡಿಸಿ, ಗುಂಡಿ ಚೈನು ಕಿತ್ತು, ಹಿಂಜಿ, ಮತ್ತೆ ನೂತು. ಪುಕ್ಕಟೆ ಪಡೆಯುವವರ ಸಂಕಟ ಅರಿತವರೂ ಇದ್ದಾರೆ. ದೆಹಲಿಯಲ್ಲಿ ಅಂಶು ಗುಪ್ತಾ 1999ರಲ್ಲಿ ಶುರುಮಾಡಿದ ಗೂಂಜ್ ಎಂಬ ಸಂಸ್ಥೆ ಹಳೆ ಬಟ್ಟೆಯನ್ನು ಸುಮ್ಮನೆ ಹಂಚುವುದಿಲ್ಲ. ಊರವರು ಸೇರಿ ಬಾವಿ ತೋಡಿದರೆ, ದಾರಿ ಸರಿಮಾಡಿದರೆ, ಆ ದುಡಿಮೆಗೆ ಪ್ರತಿಫಲವಾಗಿ ಬಟ್ಟೆ ಕೊಡುತ್ತದೆ. 2015ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ನಾನು ಪೇಪರು ಹಿಡಿದು ಆಯಿಗೆ ಓದಿ ಹೇಳಿದ್ದೆ. “ಹೌದಲ್ಲ, ಮತ್ತೆಂತ?” ಎಂದಿದ್ದಳು.

ಈಗ ಅಂಕೋಲೆಯಲ್ಲಿ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಡಿಗ್ರಿ ಓದುತ್ತ ಈ ಕೆಲಸವನ್ನೇ ಮಾಡುತ್ತಿದ್ದಾಳೆ. ಒಂದೆರಡು ಸಲ ಮಾತ್ರ ಉಟ್ಟ ಮದುವೆಮನೆ ಲೆಹೆಂಗಾ, ಮಕ್ಕಳ ಫ್ರಾಕು, ದಪ್ಪಗಾದವರ ಜೀನ್ಸು. ಮೊಬೈಲಿನಲ್ಲಿ ಫೋಟೊ ಹಾಕುತ್ತಾಳೆ, ಕಾರವಾರದಿಂದ, ಕುಮಟೆಯಿಂದ ಕೇಳುತ್ತಾರೆ, ಬಸ್ಸಿನಲ್ಲಿ ಕಳಿಸುತ್ತಾಳೆ. ಕಲೆ ಇದ್ದರೆ ಕಲೆಯದ್ದೇ ಬೇರೆ ಫೋಟೊ ತೆಗೆದು ಹಾಕಬೇಕೆಂದು ನಾನು ಹೇಳಿಕೊಟ್ಟಿದ್ದೇನೆ. ಆಯಿಯ ಮೆಷಿನ್ನು ನನ್ನ ಹತ್ತಿರವೇ ಇರುವುದರಿಂದ ಅವಳ ಬಟ್ಟೆಗಳ ಹೊಲಿಗೆ, ಗುಂಡಿ, ಚೈನಿನ ಕೆಲಸ ನನ್ನ ಪಾಲಿಗೆ ಬಂದಿದೆ. ಪಿಂಚಣಿ ಇದೆ, ದುಡ್ಡು ಬೇಡ ಮಗಾ ಎಂದರೆ ಅವಳು ಒಪ್ಪಲಿಲ್ಲ. ಒಂದು ಚೈನಿಗೆ ನಲವತ್ತು ರೂಪಾಯಿ ಎಂದು ಅವಳೇ ದರ ಹಾಕಿದಳು. ನಾನು ಮೂವತ್ತೈದಕ್ಕೆ 'ಹ್ಞೂಂ' ಅಂದೆ, ತಿಂಗಳ ಕೊನೆಗೆ ಎಣಿಸಿ ತೆಗೆದುಕೊಳ್ಳುತ್ತೇನೆ.